ಪೊರೆ ತೆಗೆಸುವ ಮುನ್ನ ಕೇಳಬೇಕಾದ್ದು

ಗ್ಲಾಕೋಮಾಗೆ ದಿನವೂ ಹನಿ ಹಾಕಿಕೊಳ್ಳುತ್ತಿರುವ ಹಿರಿಯರೇ, ಪೊರೆ ಆಪರೇಷನ್‌ಗೆ ದಿನ ಗೊತ್ತುಮಾಡುವ ಮುನ್ನ ವೈದ್ಯರನ್ನು ಕೇಳಿ: "ಜೊತೆಗೇ ಸ್ಟೆಂಟ್ ಹಾಕಬಹುದಾ ಡಾಕ್ಟ್ರೇ?" 2012ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಐಸ್ಟೆಂಟ್ ಸುಮಾರು 1 ಮಿ.ಮೀ. ಉದ್ದದ ಟೈಟಾನಿಯಂ ಕೊಳವೆ. ಕಣ್ಣೊಳಗಿನ ದ್ರವ ಹೊರಹೋಗುವ ಜಾಲರಿ ಕಟ್ಟಿಕೊಂಡರೆ ಒತ್ತಡ ಏರುತ್ತದೆ. ಈ ಕೊಳವೆ ಜಾಲರಿಯನ್ನು ದಾಟಿ ದ್ರವಕ್ಕೆ ದಾರಿ ಮಾಡಿಕೊಡುತ್ತದೆ. ಪೊರೆಗೆಂದು ಮಾಡಿದ ಸೀಳಿನಲ್ಲೇ ಒಳಗಿಡುತ್ತಾರೆ, ಬೇರೆ ಆಪರೇಷನ್ ಬೇಕಿಲ್ಲ. ಹನಿ ಕಡಿಮೆಯಾಗಬಹುದು, ನಡುಗುವ ಕೈಯಲ್ಲಿ ಹನಿ ಬಿಟ್ಟುಕೊಳ್ಳುವವರಿಗೆ ಅದೇನು ಸಣ್ಣ ನೆಮ್ಮದಿಯಲ್ಲ. ಆದರೆ ಇದು ಮುಖ್ಯವಾಗಿ ಆರಂಭದ, ಮಧ್ಯಮ ಹಂತದ ಓಪನ್ ಆಂಗಲ್ ಗ್ಲಾಕೋಮಾಗೆ. ರೋಗ ಬಲಿತಿದ್ದರೆ ದೊಡ್ಡ ಶಸ್ತ್ರಚಿಕಿತ್ಸೆಯೇ ಬೇಕಾದೀತು. ಗ್ಲಾಕೋಮಾ ಕಸಿದ ದೃಷ್ಟಿಯಂತೂ ಮರಳದು. ಪೊರೆ ಹೋಗಿ ನೋಟ ನಿಚ್ಚಳವಾಯಿತೆಂದು ಒತ್ತಡದ ತಪಾಸಣೆ ಬಿಡಬೇಡಿ. ವೈದ್ಯರು ಹೇಳುವವರೆಗೆ ಹನಿಯನ್ನೂ ನಿಲ್ಲಿಸಬೇಡಿ.