ಪದವಿ ತರಗತಿ ಮತ್ತು ಅಡಿಕೆಯಂಗಳ

ಸುಳ್ಯದ ನೆಹರೂ ಮೆಮೋರಿಯಲ್ ಕಾಲೇಜು ಆರಂಭವಾದುದು 1976ರಲ್ಲಿ. ಅದಕ್ಕೂ ಮೊದಲು ಅಜ್ಜಾವರದ ತರುಣರು ಪದವಿಗಾಗಿ ಪುತ್ತೂರಿಗೋ ಮಂಗಳೂರಿಗೋ ಹೋಗಬೇಕಾಗಿತ್ತು. ಈಗ, 1980ರಲ್ಲಿ ಸ್ಥಾಪನೆಯಾದ ಮಂಗಳೂರು ವಿಶ್ವವಿದ್ಯಾನಿಲಯದ ಪದವಿಯನ್ನು ಮನೆಯಲ್ಲಿದ್ದುಕೊಂಡೇ ಪಡೆಯಬಹುದು. ಆದರೆ ಮನೆಯಲ್ಲಿರುವವರನ್ನು ಮನೆಗೆಲಸ ಬಿಟ್ಟೀತೆ? ಬಸ್ಸು ಬರುವ ಮುನ್ನ ಹಟ್ಟಿಯ ಕೆಲಸ ಮುಗಿಯಬೇಕು. ಹೆಣ್ಣುಮಕ್ಕಳ ಪಾಲಿಗೆ ಅಡುಗೆಮನೆಯೂ ಸೇರುವುದುಂಟು. ಅಡಿಕೆ ತೋಟವಿರುವ ಮನೆಯಾದರೆ ಹೊಣೆ ಇನ್ನೂ ಹೆಚ್ಚು. ಕೊಯಿದ ಹಣ್ಣಡಿಕೆ ಒಣಗಿ ಚಾಲಿಯಾಗಲು ಸುಮಾರು 40 ದಿನಗಳ ಬಿಸಿಲು ಬೇಕು. ನಡುವೆ ಮಳೆಗೆ ನೆನೆದರೆ ಬೂಷ್ಟು ಹಿಡಿದು ಬೆಲೆ ಕುಸಿಯುತ್ತದೆ. ಕಾಲೇಜಿನ ಶುಲ್ಕ ಹುಟ್ಟುವುದೂ ಆ ಅಡಿಕೆಯಿಂದಲೇ. ಆದುದರಿಂದ ಪರೀಕ್ಷೆಯ ಮುನ್ನಾದಿನವೇ ಮೋಡ ಕವಿದರೂ ವಿದ್ಯಾರ್ಥಿ ಪುಸ್ತಕ ಮಡಚಿಟ್ಟು ಅಂಗಳಕ್ಕೆ ಧಾವಿಸುತ್ತಾನೆ. ಅಡಿಕೆಯನ್ನೆಲ್ಲ ಒಳಗೆ ಸೇರಿಸಿದ ಬಳಿಕವೇ ಓದು ಮುಂದುವರಿಯುತ್ತದೆ.