ದೇಶಗಳಿಗೆ ಅಭಿಮಾನಿ ಸಂಘ ಬೇಡ

ಚೇತನ್, ನೆಂಟರ ವಾಟ್ಸ್‌ಆಪ್ ಗುಂಪಿನಲ್ಲಿ ನೀನೂ ನಿನ್ನ ಸೋದರಮಾವನೂ ಉಕ್ರೇನ್ ವಿಚಾರಕ್ಕೆ ಜಟಾಪಟಿ ಮಾಡಿದ್ದನ್ನು ಮೊದಲಿನಿಂದ ಕೊನೆತನಕ ಓದಿದೆ. ‘141 ದೇಶ ರಷ್ಯಾದ ವಿರುದ್ಧ ಕೈ ಎತ್ತಿವೆ, ಇನ್ನೇನು ಸಾಕ್ಷಿ ಬೇಕು’ ಅಂದೆ ನೀನು. ‘ಎಪ್ಪತ್ತೊಂದರಲ್ಲಿ ನಮ್ಮ ಕೈ ಹಿಡಿದದ್ದು ಯಾರು, ಪಾಕಿಸ್ತಾನಕ್ಕೆ ಟ್ಯಾಂಕ್ ಮಾರಿದ್ದು ಯಾರು’ ಅಂದರು ಅವರು. ನಿನ್ನತ್ತೆ ನಡುವೆ ದಾಸವಾಳದ ಹೂವಿನ ಗುಡ್ ಮಾರ್ನಿಂಗ್ ಹಾಕಿದ್ದರಿಂದ ಕದನವಿರಾಮವಾಯಿತು.

ತಮಾಷೆಯೆಂದರೆ, ಇಬ್ಬರ ಮಾತಿನಲ್ಲೂ ಸುಳ್ಳಿಲ್ಲ. ಇಬ್ಬರೂ ನಿಮಗೆ ಬೇಕಾದ ಪುಟವನ್ನಷ್ಟೇ ಹರಿದುಕೊಂಡು ಬಂದಿದ್ದೀರಿ. ಕೆಲಸದ ಬಹುಪಾಲು ವರ್ಷ ಪತ್ರಿಕೆಯ ವಿದೇಶ ಸುದ್ದಿಯ ಪುಟ ನೋಡಿಕೊಂಡ ಈ ದೊಡ್ಡಪ್ಪ ಹೇಳುವುದು ಇಷ್ಟು: ದೇಶವನ್ನು ತಬ್ಬಿಕೊಂಡು ವಾದಕ್ಕಿಳಿಯಬೇಡ. ಅದು ಮಾಡಿದ ಕೆಲಸವನ್ನು ಒಂದೊಂದಾಗಿ ಎತ್ತಿಕೊಂಡು ತೂಗು. ನಟನಿಗೆ ಅಭಿಮಾನಿ ಸಂಘ ಕಟ್ಟಿ ಕಟೌಟಿಗೆ ಹಾಲೆರೆದರೆ ಹಾಲಷ್ಟೇ ದಂಡ. ದೇಶಕ್ಕೆ ಅಭಿಮಾನಿಯಾದವನು ಅದು ನಾಳೆ ಮಾಡಲಿರುವ ಅನ್ಯಾಯಕ್ಕೂ ಇವತ್ತೇ ವಕಾಲತ್ತು ಬರೆದುಕೊಟ್ಟ ಹಾಗೆ.

ನಿನ್ನ 141 ಎತ್ತಿಕೊಳ್ಳೋಣ. 2022ರ ಮಾರ್ಚ್ 2ರಂದು ವಿಶ್ವಸಂಸ್ಥೆಯ ಸಾಮಾನ್ಯ ಸಭೆಯಲ್ಲಿ ರಷ್ಯಾದ ಆಕ್ರಮಣದ ವಿರುದ್ಧದ ನಿರ್ಣಯಕ್ಕೆ ಬಿದ್ದ ಮತ ಅದು. ವಿರುದ್ಧ ಬಿದ್ದದ್ದು 5. ಭಾರತ ಸೇರಿ 35 ದೇಶಗಳು ದೂರ ಉಳಿದವು. ಈಗ 1971ರ ಡಿಸೆಂಬರ್ 7ಕ್ಕೆ ಹೋಗು. ಪಾಕಿಸ್ತಾನದ ಜೊತೆ ಯುದ್ಧ ಶುರುವಾಗಿ ನಾಲ್ಕೇ ದಿನ. ಭದ್ರತಾ ಮಂಡಳಿಯಲ್ಲಿ ಸೋವಿಯತ್ ಒಕ್ಕೂಟ ನಮ್ಮ ಪರವಾಗಿ ವೀಟೊ ಹಾಕಿದ್ದರಿಂದ ವಿಷಯ ಸಾಮಾನ್ಯ ಸಭೆಗೆ ಬಂತು. ಕೂಡಲೇ ಕದನವಿರಾಮ ಆಗಬೇಕು, ಸೇನೆಗಳು ತಂತಮ್ಮ ನೆಲಕ್ಕೆ ವಾಪಸಾಗಬೇಕು ಅನ್ನುವ ನಿರ್ಣಯ. ಪರವಾಗಿ 104, ವಿರುದ್ಧ 11. ನಾವು ಆ ಹನ್ನೊಂದರಲ್ಲಿದ್ದೆವು. ಪೂರ್ವ ಪಾಕಿಸ್ತಾನದಿಂದ ಬಂದ ಒಂದು ಕೋಟಿಯಷ್ಟು ನಿರಾಶ್ರಿತರು ಪಶ್ಚಿಮ ಬಂಗಾಳ, ಅಸ್ಸಾಂ, ತ್ರಿಪುರಾಗಳಲ್ಲಿ ತುಂಬಿದ್ದರು. ಅವರು ಮನೆಗೆ ಹೋಗುವುದು ಹೇಗೆ ಎಂಬುದಕ್ಕೆ ಆ 104 ದೇಶಗಳ ಹತ್ತಿರ ಉತ್ತರವಿರಲಿಲ್ಲ. ಮತ ಎಣಿಸಿಯೇ ನ್ಯಾಯ ತೀರ್ಮಾನಿಸುವುದಾದರೆ ಬಾಂಗ್ಲಾದೇಶ ಹುಟ್ಟಬಾರದಿತ್ತು.

ನಿಮ್ಮ ಮಾವ ಇದನ್ನು ಓದಿ ಹಿಗ್ಗುವ ಮುಂಚೆ ಆ ಹನ್ನೊಂದು ಹೆಸರನ್ನೂ ನೋಡಲಿ. ಭಾರತ, ಭೂತಾನ್, ಸೋವಿಯತ್ ಒಕ್ಕೂಟ, ಕ್ಯೂಬಾ, ಮಂಗೋಲಿಯಾ, ಪೋಲೆಂಡ್, ಹಂಗೇರಿ, ಜೆಕೊಸ್ಲೊವಾಕಿಯಾ, ಬಲ್ಗೇರಿಯಾ. ಉಳಿದೆರಡು ಬೆಲರೂಸ್ ಮತ್ತು ಉಕ್ರೇನ್. ಹೌದು, ಉಕ್ರೇನ್. ಸೋವಿಯತ್ ಒಕ್ಕೂಟದ ಒಳಗಿದ್ದರೂ 1945ರಿಂದಲೇ ಅದಕ್ಕೆ ವಿಶ್ವಸಂಸ್ಥೆಯಲ್ಲಿ ಬೇರೆ ಕುರ್ಚಿ ಇತ್ತು. ಮಾಸ್ಕೊ ಕಣ್ಸನ್ನೆ ಮಾಡಿದಾಗ ಕೈ ಎತ್ತುವ ಕುರ್ಚಿ, ಒಪ್ಪಿದೆ. ಆದರೆ ಎಪ್ಪತ್ತೊಂದರ ಋಣವನ್ನು ಇವತ್ತಿನ ರಷ್ಯಾ ಒಂದರ ಖಾತೆಗೇ ಜಮಾ ಮಾಡುವುದು ಯಾವ ಲೆಕ್ಕ? ಆಗ ಕ್ರೆಮ್ಲಿನ್‌ನಲ್ಲಿ ಕೂತಿದ್ದ ಬ್ರೆಜ್ನೆವ್ ಹುಟ್ಟಿ ಬೆಳೆದದ್ದೂ ಉಕ್ರೇನಿನ ಉಕ್ಕಿನ ಕಾರ್ಖಾನೆಯ ಊರಲ್ಲಿ.

ಹಾಗಾದರೆ 1971ರಲ್ಲಿ ನಾವು ಮಾಡಿದ್ದೂ 2022ರಲ್ಲಿ ರಷ್ಯಾ ಮಾಡಿದ್ದೂ ಒಂದೇ ಎಂದು ಯಾರಾದರೂ ಕೇಳಿಯಾರು. ಕೇಳಲಿ, ಅದೇ ಬೇಕಾಗಿರುವುದು. ಭಾರತದ ಸೇನೆ ಡಿಸೆಂಬರ್ 16ರಂದು ಢಾಕಾದಲ್ಲಿ ಶರಣಾಗತಿ ಪಡೆಯಿತು, 1972ರ ಮಾರ್ಚ್ ಹೊತ್ತಿಗೆ ಬಾಂಗ್ಲಾದೇಶದಿಂದ ಹೊರಬಂತು. ಅಲ್ಲಿನ ಒಂದು ಗುಂಟೆ ನೆಲವನ್ನೂ ನಮ್ಮದೆಂದು ಬರೆಸಿಕೊಳ್ಳಲಿಲ್ಲ. ರಷ್ಯಾ 2014ರಲ್ಲಿ ಕ್ರೈಮಿಯಾವನ್ನು ಸೇರಿಸಿಕೊಂಡಿತು. 2022ರ ಸೆಪ್ಟೆಂಬರ್ ಕೊನೆಯಲ್ಲಿ ಡೊನೆಟ್ಸ್ಕ್, ಲುಹಾನ್ಸ್ಕ್, ಖೆರ್ಸೊನ್, ಝಪೊರಿಝಿಯಾಗಳನ್ನೂ ತನ್ನವೆಂದು ಸಾರಿತು. ಆಗ ಆ ನಾಲ್ಕರ ಎಷ್ಟೋ ಊರುಗಳು ಅದರ ಸೈನಿಕರ ಕೈಯಲ್ಲಿಯೇ ಇರಲಿಲ್ಲ. ವ್ಯತ್ಯಾಸ ಕಂಡಿತಲ್ಲ? ಇದನ್ನು ಕಾಣಲು ಯಾವ ದೇಶದ ಮೇಲೂ ಮೋಹ ಬೇಕಿಲ್ಲ, ದ್ವೇಷವೂ ಬೇಕಿಲ್ಲ.

ಟ್ಯಾಂಕಿನ ಮಾತೂ ನಿಜವೇ. 1996ರ ಒಪ್ಪಂದದ ಪ್ರಕಾರ ಉಕ್ರೇನ್ ಪಾಕಿಸ್ತಾನಕ್ಕೆ 320 ಟಿ-80ಯುಡಿ ಟ್ಯಾಂಕ್ ಕೊಟ್ಟಿತು. ನಮಗೂ ಕೊಟ್ಟಿದೆ. ವಾಯುಪಡೆಯ ಎಎನ್-32 ಸಾಗಣೆ ವಿಮಾನ ಕೀವ್‌ನ ಆಂಟೊನೊವ್ ಕಂಪನಿಯದು. ಇದಕ್ಕಿಂತ ಸ್ವಾರಸ್ಯದ್ದು ಐಎನ್‌ಎಸ್ ತುಶಿಲ್ ಕಥೆ. ನಮ್ಮ ನೌಕಾಪಡೆಗಾಗಿ ರಷ್ಯಾದ ಕಲಿನಿನ್‌ಗ್ರಾಡ್‌ನಲ್ಲಿ ಕಟ್ಟಿದ ಯುದ್ಧನೌಕೆ ಅದು. ಅದರ ಗ್ಯಾಸ್ ಟರ್ಬೈನ್ ಎಂಜಿನ್ ಮಾಡುವವರು ಉಕ್ರೇನಿನ ಮಿಕೊಲಾಯಿವ್ ಊರಿನವರು. ಕ್ರೈಮಿಯಾ ಹೋದಮೇಲೆ ಅವರು ರಷ್ಯಾಕ್ಕೆ ಎಂಜಿನ್ ಮಾರುವುದನ್ನು ನಿಲ್ಲಿಸಿದರು. ಭಾರತವೇ ನಡುವೆ ನಿಂತು ಉಕ್ರೇನಿನಿಂದ ಕೊಂಡು ರಷ್ಯಾದ ಹಡಗುಕಟ್ಟೆಗೆ ತಲುಪಿಸಬೇಕಾಯಿತು. 2024ರ ಡಿಸೆಂಬರ್ 9ರಂದು, ಆ ಎರಡು ದೇಶಗಳು ಒಂದರ ಮೇಲೊಂದು ಕ್ಷಿಪಣಿ ಹಾರಿಸುತ್ತಿದ್ದಾಗಲೇ, ಇಬ್ಬರ ಕೈಕೆಲಸವೂ ಇದ್ದ ಹಡಗು ನಮ್ಮ ಸೇವೆಗೆ ಸೇರಿತು. ಇದರಲ್ಲಿ ನಮ್ಮ ‘ಮಿತ್ರ’ ಯಾರು, ‘ಶತ್ರು’ ಯಾರು, ನೀವಿಬ್ಬರೂ ಕೂತು ಬಗೆಹರಿಸಿಕೊಳ್ಳಿ.

ಪಾಕಿಸ್ತಾನದ ಆ ಟ್ಯಾಂಕುಗಳು ತಯಾರಾದದ್ದು ಖಾರ್ಕಿವ್‌ನಲ್ಲಿ. 2022ರ ಮಾರ್ಚ್ 1ರಂದು, ಮೆಡಿಕಲ್ ಓದುತ್ತಿದ್ದ ನಮ್ಮ ಹಾವೇರಿ ಕಡೆಯ ಹುಡುಗ ಶೆಲ್ ದಾಳಿಗೆ ಸತ್ತದ್ದೂ ಅದೇ ಖಾರ್ಕಿವ್‌ನಲ್ಲಿ. ದಿನಸಿ ತರಲೆಂದು ಹೊರಗೆ ಹೋದವನು. ಮರುದಿನ ಸಾಮಾನ್ಯ ಸಭೆಯಲ್ಲಿ ಆ 141ರ ಮತದಾನ ನಡೆಯಿತು, ನಾವು ದೂರ ಉಳಿದೆವು. ಅಲ್ಲಿ ಇನ್ನೂ ಸಾವಿರಾರು ವಿದ್ಯಾರ್ಥಿಗಳು ಸಿಕ್ಕಿಕೊಂಡಿದ್ದರು. ಅವರನ್ನು ಹೊರತರಲು ಎರಡೂ ಕಡೆಯವರ ದಾಕ್ಷಿಣ್ಯ ಬೇಕಿತ್ತು. ದೂರ ಉಳಿದದ್ದಕ್ಕೆ ಅದೊಂದೇ ಕಾರಣವಲ್ಲ, ಅದೂ ಒಂದು ಕಾರಣ.

ಅಳೆಯುವುದಾದರೆ ಕೋಲು ಯಾವುದು ಅಂತ ಕೇಳುತ್ತೀಯ. ವಿಶ್ವಸಂಸ್ಥೆಯ ಸನ್ನದಿನ 2ನೇ ವಿಧಿಯ 4ನೇ ಕಲಮು ಓದು, ಎರಡು ನಿಮಿಷದ ಕೆಲಸ. ಇನ್ನೊಂದು ದೇಶದ ನೆಲದ ಅಖಂಡತೆಯ ಮೇಲೆ ಬಲಪ್ರಯೋಗ ಮಾಡಬಾರದು, ಬೆದರಿಸಲೂ ಬಾರದು. ಆಮೇಲೆ 1994ರ ಡಿಸೆಂಬರ್ 5ರ ಬುಡಾಪೆಸ್ಟ್ ಒಪ್ಪಂದಪತ್ರ ಓದು. ಸೋವಿಯತ್ ಒಕ್ಕೂಟ ಒಡೆದಾಗ ಉಕ್ರೇನಿನ ನೆಲದಲ್ಲಿ ಉಳಿದಿದ್ದ ಅಣ್ವಸ್ತ್ರಗಳು ಜಗತ್ತಿನಲ್ಲೇ ಮೂರನೇ ದೊಡ್ಡ ರಾಶಿ. ಅದನ್ನು ಬಿಟ್ಟುಕೊಡಲು ಉಕ್ರೇನ್ ಒಪ್ಪಿತು. ಅದರ ಗಡಿಯನ್ನು ಗೌರವಿಸುತ್ತೇವೆಂದು ರಷ್ಯಾ, ಅಮೆರಿಕ, ಬ್ರಿಟನ್ ರುಜು ಹಾಕಿದವು. ಈ ಎರಡು ಕಾಗದ ಮುಂದಿಟ್ಟುಕೊಂಡು ನೋಡಿದರೆ 2022ರ ಫೆಬ್ರುವರಿ 24ರ ದಾಳಿ ತಪ್ಪು. ಇದರಲ್ಲಿ ನನಗೆ ಅನುಮಾನವೇ ಇಲ್ಲ.

ಅದೇ ಕೋಲನ್ನು 2003ರ ಇರಾಕ್‌ಗೂ ಹಿಡಿ. ಫೆಬ್ರುವರಿ 5ರಂದು ಅಮೆರಿಕದ ವಿದೇಶಾಂಗ ಸಚಿವ ಕೊಲಿನ್ ಪೊವೆಲ್, ಇರಾಕ್ ಬಳಿ ಸಾಮೂಹಿಕ ವಿನಾಶದ ಅಸ್ತ್ರಗಳಿವೆ ಎಂದು ವಾದಿಸುತ್ತ ಭದ್ರತಾ ಮಂಡಳಿಯಲ್ಲಿ ಪುಟ್ಟ ಸೀಸೆ ಎತ್ತಿ ತೋರಿಸಿದ ಚಿತ್ರ ಅವತ್ತು ರಾತ್ರಿ ನಮ್ಮ ಮೇಜಿಗೂ ಬಂದಿತ್ತು. ಮಂಡಳಿಯ ಒಪ್ಪಿಗೆಯಿಲ್ಲದೆಯೇ ಅಮೆರಿಕ ಇರಾಕ್‌ಗೆ ನುಗ್ಗಿತು. ಹುಡುಕಲು ಹೊರಟಿದ್ದ ಅಸ್ತ್ರದ ರಾಶಿ ಸಿಗಲೇ ಇಲ್ಲ. ನಿಮ್ಮ ಮಾವ ‘ಇರಾಕ್ ಬಗ್ಗೆ ಏನಂತೀಯ’ ಅಂದರೆ ‘ಅದೂ ತಪ್ಪು’ ಅಂದುಬಿಡು. ಅಲ್ಲಿಗೆ ಮಾತು ಮುಗಿಯುವುದಿಲ್ಲ ನಿಜ, ಆದರೆ ಇನ್ನು ನೆವ ಹುಡುಕುವ ಸರದಿ ಅವರದು. ಒಂದು ತಪ್ಪು ಇನ್ನೊಂದಕ್ಕೆ ಪರವಾನಗಿ ಆಗುವುದಾದರೆ ಸನ್ನದನ್ನು ಸುಟ್ಟುಹಾಕಬಹುದು.

ದೊಡ್ಡವರೆನಿಸಿಕೊಂಡವರು ಕೋಲು ಬದಲಿಸುವುದನ್ನು ಹತ್ತಿರದಿಂದ ನೋಡಬೇಕಾದರೆ ಹೇಗ್‌ನ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯವನ್ನು ನೋಡು. 2023ರ ಮಾರ್ಚ್‌ನಲ್ಲಿ ಉಕ್ರೇನಿನ ಮಕ್ಕಳನ್ನು ಸಾಗಿಸಿದ ಆರೋಪದ ಮೇಲೆ ಅದು ಪುಟಿನ್‌ಗೆ ಬಂಧನದ ವಾರಂಟ್ ಹೊರಡಿಸಿದಾಗ ಬೈಡನ್ ಸರಿಯಾಯಿತು ಅಂದರು. 2024ರ ನವೆಂಬರ್‌ನಲ್ಲಿ ಗಾಜಾ ಯುದ್ಧದ ಸಂಬಂಧ ನೆತನ್ಯಾಹು ಮೇಲೆ ಅದೇ ನ್ಯಾಯಾಲಯ ವಾರಂಟ್ ತೆಗೆದಾಗ ಅದೇ ಬೈಡನ್ ಕೆರಳಿದರು. ಮುಂದೆ ಟ್ರಂಪ್ ಆ ನ್ಯಾಯಾಲಯದ ಮೇಲೇ ನಿರ್ಬಂಧ ಹೇರಿದರು. ಇದನ್ನು ಉಲ್ಟಾ ಓದುವವರೂ ಬೇಕಾದಷ್ಟಿದ್ದಾರೆ: ನೆತನ್ಯಾಹು ವಾರಂಟಿಗೆ ಚಪ್ಪಾಳೆ, ಪುಟಿನ್ ವಾರಂಟಿಗೆ ಪಶ್ಚಿಮದ ಪಿತೂರಿ ಎಂಬ ಬಿರುದು.

ಇನ್ನು ಈ ಅಭಿಮಾನಿ ಸಂಘಗಳ ಗತಿ. 2025ರ ಫೆಬ್ರುವರಿ 24ರಂದು ಯುದ್ಧಕ್ಕೆ ಮೂರು ವರ್ಷ ತುಂಬಿದಾಗ ಉಕ್ರೇನ್ ಪರ ನಿರ್ಣಯ ಸಾಮಾನ್ಯ ಸಭೆಗೆ ಮತ್ತೆ ಬಂತು. ಪರ 93, ವಿರುದ್ಧ 18, ದೂರ ಉಳಿದವರು 65. ವಿರುದ್ಧ ಮತ ಹಾಕಿದವರಲ್ಲಿ ರಷ್ಯಾ, ಉತ್ತರ ಕೊರಿಯಾಗಳ ಜೊತೆಗೆ ಅಮೆರಿಕವೂ ಇತ್ತು! ಮೂರು ವರ್ಷ ‘ಅಮೆರಿಕದ ಕಡೆ ಇದ್ದರೆ ನ್ಯಾಯದ ಕಡೆ’ ಎಂದು ಬರೆಯುತ್ತಿದ್ದವರು ಮಾರನೇ ದಿನ ಏನು ಬರೆಯುವುದೆಂದು ತೋಚದೆ ಕೂತರು. ಯುದ್ಧ ಅದೇ, ಉರುಳುತ್ತಿದ್ದ ಊರುಗಳೂ ಅವೇ. ಬದಲಾಗಿದ್ದು ಶ್ವೇತಭವನದಲ್ಲಿ ಕೂತವರು.

ಕಾರಣ ಬೇರೆ, ಸಮರ್ಥನೆ ಬೇರೆ. ಇವೆರಡನ್ನು ಬೆರೆಸಿದ್ದರಿಂದಲೇ ನಿಮ್ಮ ಜಗಳದ ಅರ್ಧ ಭಾಗ ಬೆಳೆದದ್ದು. ನೇಟೊ ಪೂರ್ವಕ್ಕೆ ಸರಿಯುತ್ತ ಬಂದದ್ದು ನಿಜ. 2008ರ ಏಪ್ರಿಲ್‌ನಲ್ಲಿ ಬುಖಾರೆಸ್ಟ್‌ನಲ್ಲಿ ಉಕ್ರೇನ್, ಜಾರ್ಜಿಯಾಗಳು ಮುಂದೊಂದು ದಿನ ಸದಸ್ಯರಾಗುತ್ತವೆ ಎಂದು ಘೋಷಿಸಿ, ಯಾವಾಗ ಎಂದು ಹೇಳದೆ ಬಿಟ್ಟಿತು. ರಷ್ಯಾವನ್ನು ಕೆರಳಿಸಿದ ಹಾಗೂ ಆಯಿತು, ಉಕ್ರೇನಿಗೆ ರಕ್ಷಣೆ ಕೊಡದ ಹಾಗೂ ಆಯಿತು. ಇದಕ್ಕಿಂತ ಕೆಟ್ಟ ರಾಜತಾಂತ್ರಿಕತೆ ನಾನು ನೋಡಿದ್ದು ಕಡಿಮೆ. ಇಷ್ಟು ಹೇಳಿದ ತಕ್ಷಣ ನಿನ್ನನ್ನು ‘ಪುಟಿನ್ ಏಜೆಂಟ್’ ಅಂದರೆ ತಲೆ ಕೆಡಿಸಿಕೊಳ್ಳಬೇಡ. ಆದರೆ ಪುಟಿನ್ 2021ರ ಜುಲೈನಲ್ಲಿ ತಮ್ಮ ಹೆಸರಿನಲ್ಲೇ ಪ್ರಕಟಿಸಿದ ದೀರ್ಘ ಲೇಖನವನ್ನೂ ಓದು. ರಷ್ಯನ್ನರೂ ಉಕ್ರೇನಿಯನ್ನರೂ ಒಂದೇ ಜನ ಎಂಬುದು ಅದರ ತಿರುಳು. ನೆರೆಯವನಿಗೆ ಬೇರೆ ಅಸ್ತಿತ್ವವೇ ಇಲ್ಲ ಅನ್ನುವವನ ಮನಸ್ಸಿನಲ್ಲಿ ಇದ್ದದ್ದು ನೇಟೊ ಒಂದೇ ಆಗಿರಲಾರದು. 2023ರ ಏಪ್ರಿಲ್‌ನಲ್ಲಿ ಫಿನ್ಲೆಂಡ್ ನೇಟೊ ಸೇರಿತು, ರಷ್ಯಾ ಜೊತೆ ಅದರ ಗಡಿ 1,300 ಕಿಲೋಮೀಟರಿಗೂ ಹೆಚ್ಚು. ಅದರ ಮೇಲೆ ಯುದ್ಧವಾಗಲಿಲ್ಲ. ಈ ಪ್ರಶ್ನೆಯನ್ನು ಮಾವನಿಗೆ ಕೇಳು, ಅವರ ಉತ್ತರ ನನಗೂ ಕುತೂಹಲ.

ಇನ್ನು ಸುದ್ದಿ ನಂಬುವ ಬಗೆ. ನಮ್ಮ ರಾತ್ರಿ ಪಾಳಿಯಲ್ಲಿ ಟೆಲಿಪ್ರಿಂಟರ್ ಕಾಪಿ ಹರಿದು ಕೈಗೆ ಬಂದ ಕೂಡಲೇ ನೋಡುತ್ತಿದ್ದದ್ದು ಊರು, ತಾರೀಕು. ಬಾಗ್ದಾದ್‌ನಲ್ಲಿ ಸತ್ತವರ ಸಂಖ್ಯೆ ವಾಷಿಂಗ್ಟನ್‌ನಿಂದ ಬಂದಿದ್ದರೆ ಅದು ವಾಷಿಂಗ್ಟನ್ ಹೇಳುವ ಸಂಖ್ಯೆ, ಅಷ್ಟೇ. ಎದುರು ಕಡೆಯ ಕಾಪಿಗೆ ಕಾಯುತ್ತಿದ್ದೆವು. ದೂರದ ಊರುಗಳಿಗೆ ಮೊದಲು ಹೊರಡುವ ಡಾಕ್ ಎಡಿಷನ್‌ಗೆ ಹೊತ್ತಾಗಿದ್ದರೆ ಸಂಖ್ಯೆ ಶೀರ್ಷಿಕೆಯಿಂದ ಇಳಿದು ಸುದ್ದಿಯೊಳಗೆ ಹೋಗುತ್ತಿತ್ತು. ನಿನ್ನ ಫೋನಿಗೆ ಬರುವ ವಿಡಿಯೊಗೆ ಊರೂ ಇಲ್ಲ, ತಾರೀಕೂ ಇಲ್ಲ. ಉಕ್ರೇನ್ ಯುದ್ಧದ ದೃಶ್ಯವೆಂದು ಹರಿದಾಡಿದ ಎಷ್ಟೋ ತುಣುಕುಗಳು ‘ಆರ್ಮಾ 3’ ಎಂಬ ವಿಡಿಯೊ ಗೇಮಿನವು. ಹತ್ತಾರು ರಷ್ಯನ್ ವಿಮಾನ ಉರುಳಿಸಿದ ‘ಕೀವ್‌ನ ಭೂತ’ ಎಂಬ ವೀರ ಪೈಲಟ್ ಬರೀ ದಂತಕಥೆಯೆಂದು ಉಕ್ರೇನಿನ ವಾಯುಪಡೆಯೇ 2022ರ ಏಪ್ರಿಲ್ ಕೊನೆಗೆ ಒಪ್ಪಿತು. ರಷ್ಯಾದ ರಕ್ಷಣಾ ಸಚಿವಾಲಯವಂತೂ 2017ರಲ್ಲಿ ಸಿರಿಯಾ ವಿಚಾರಕ್ಕೆ ಮೊಬೈಲ್ ಗೇಮಿನ ಚಿತ್ರವನ್ನೇ ಪುರಾವೆಯೆಂದು ಹಾಕಿ ನಗೆಪಾಟಲಾಗಿತ್ತು. ನಿನಗೆ ಬಹಳ ಖುಷಿ ಕೊಟ್ಟ ವಿಡಿಯೊವನ್ನು ಒಂದು ದಿನ ತಡೆದು ಕಳಿಸು. ಸಿಟ್ಟು ತರಿಸಿದ್ದನ್ನು ಎರಡು ದಿನ.

ನಮ್ಮ ದೇಶದ ನಿಲುವಿನ ಬಗ್ಗೆ ಮಾತಾಡುವಾಗ ನೀತಿ-ಧರ್ಮದ ಬಣ್ಣ ಬಳಿಯಬೇಡ. ಯುದ್ಧಕ್ಕೆ ಮುಂಚೆ ನಾವು ಕೊಳ್ಳುತ್ತಿದ್ದ ಕಚ್ಚಾತೈಲದಲ್ಲಿ ರಷ್ಯಾದ ಪಾಲು ಶೇಕಡ 2ರ ಆಸುಪಾಸು. ಒಂದೆರಡು ವರ್ಷದಲ್ಲಿ ಅದು ಮೂರನೇ ಒಂದು ಭಾಗವಾಯಿತು, ಅಗ್ಗಕ್ಕೆ ಸಿಕ್ಕಿತು ಅಂತ. ಅದು ಹಿತಾಸಕ್ತಿ, ಹಾಗೆಯೇ ಕರೆ. ಅದಕ್ಕಾಗಿ 2025ರ ಆಗಸ್ಟ್‌ನಲ್ಲಿ ಅಮೆರಿಕ ನಮ್ಮ ಸರಕಿನ ಮೇಲೆ ಶೇಕಡ 25ರಷ್ಟು ಹೆಚ್ಚುವರಿ ಸುಂಕ ಹಾಕಿತು. ನಮಗೆ ಬುದ್ಧಿ ಹೇಳಿದ ಯುರೋಪು ಆಗಲೂ ರಷ್ಯಾದಿಂದ ಅನಿಲ ಕೊಳ್ಳುತ್ತಲೇ ಇತ್ತು. ಈ ಹಿತಾಸಕ್ತಿಯ ಲೆಕ್ಕ ನಿಮ್ಮಮ್ಮನಿಗೆ ಯುದ್ಧದ ಮೊದಲ ತಿಂಗಳಲ್ಲೇ ಗೊತ್ತಾಗಿತ್ತು. ನಾವು ತರಿಸುತ್ತಿದ್ದ ಸೂರ್ಯಕಾಂತಿ ಎಣ್ಣೆಯ ದೊಡ್ಡ ಪಾಲು ಬರುತ್ತಿದ್ದದ್ದು ಉಕ್ರೇನ್, ರಷ್ಯಾಗಳಿಂದ. ಲೀಟರ್ ಪ್ಯಾಕೆಟ್ 200 ರೂಪಾಯಿ ಹತ್ತಿರ ಹೋದಾಗ ಅವಳು ಹಬ್ಬದ ಕರಿದ ತಿಂಡಿ ಅರ್ಧಕ್ಕಿಳಿಸಿದಳು.

ಇನ್ನೊಂದು ಮಾತು, ನಿನ್ನ ಹಾಸ್ಟೆಲಿಗೆ ಸಂಬಂಧಪಟ್ಟದ್ದು. ಕಲಬುರಗಿ ಕಡೆಯ ಕೆಲವು ಹುಡುಗರು ರಷ್ಯಾದಲ್ಲಿ ಸೆಕ್ಯುರಿಟಿ ಕೆಲಸ, ಕೈತುಂಬ ಸಂಬಳ ಎಂಬ ಏಜೆಂಟರ ಮಾತು ನಂಬಿ ಹೋಗಿ ಅಲ್ಲಿನ ಸೇನೆಯ ಕೈಗೆ ಸಿಕ್ಕಿಬಿದ್ದರು. 2024ರ ಜುಲೈನಲ್ಲಿ ಪ್ರಧಾನಿ ಮಾಸ್ಕೊದಲ್ಲಿ ಈ ವಿಷಯ ಎತ್ತಬೇಕಾಯಿತು. ಆ ಹುಡುಗರು ಊರಿಗೆ ಬಂದದ್ದು ಸೆಪ್ಟೆಂಬರಿನಲ್ಲಿ. ಬೇರೆ ರಾಜ್ಯಗಳ ಕೆಲವರು ಬರಲೇ ಇಲ್ಲ. ಡಿಗ್ರಿ ಮುಗಿಸಿ ಕೆಲಸಕ್ಕೆ ಅಲೆಯುತ್ತಿರುವ ನಿನ್ನ ಸ್ನೇಹಿತರಿಗೆ ಯೂಟ್ಯೂಬಿನಲ್ಲೋ ಟೆಲಿಗ್ರಾಂನಲ್ಲೋ ಇಂಥ ಜಾಹೀರಾತು ಕಂಡರೆ, ಪಾಸ್‌ಪೋರ್ಟ್ ಯಾರ ಕೈಗೂ ಕೊಡುವ ಮುಂಚೆ ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಜಾಲತಾಣದಲ್ಲಿ ಆ ಏಜೆಂಟನ ಹೆಸರು ನೋಂದಣಿಯಾಗಿದೆಯೇ ನೋಡಲಿ. ತಮಗೆ ಓದಲು ಬಾರದ ಭಾಷೆಯ ಕರಾರಿಗೆ ಸಹಿ ಹಾಕುವುದು ಬೇಡ. ಟಿಕೆಟ್ ತೆಗೆದಾದಮೇಲೆ ವಿಷಯ ತಿಳಿದರೂ ಪರವಾಗಿಲ್ಲ, ನನಗೆ ಫೋನ್ ಮಾಡಿಸು.