ಚೆನ್ನೈಯ ಭಾನುವಾರ: ಚಿಕ್ಕ ಮಕ್ಕಳು, ಬಿಸಿಲು ಮತ್ತು ಕಡಲು



ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗಬೇಡಿ ಎಂದು ಹೆದರಿಸುವ ಲೇಖನ ಇದಲ್ಲ. ವಾರವಿಡೀ ಫ್ಲಾಟಿನೊಳಗೆ ಟಿವಿ, ಮೊಬೈಲು ನೋಡಿಕೊಂಡಿರುವ ಮಗುವಿಗೆ ಭಾನುವಾರ ಮರಳು, ಮರ, ಗಾಳಿ ಬೇಕೇ ಬೇಕು. ಆದರೆ ಬೆಂಗಳೂರು, ಮೈಸೂರು, ಶಿವಮೊಗ್ಗ, ಹುಬ್ಬಳ್ಳಿ ಕಡೆಯಿಂದ ಇಲ್ಲಿಗೆ ಬಂದಿರುವ ನಾವು ಊರಿನ ಅಂದಾಜಿನಲ್ಲೇ ಹೊರಡುತ್ತೇವೆ. ಬೆಳಿಗ್ಗೆ ತಿಂಡಿ ಮುಗಿಸಿ, ನಿಧಾನಕ್ಕೆ ತಯಾರಾಗಿ, ಹತ್ತೂವರೆಗೆ ಮನೆ ಬಿಡುವುದು. ಬೆಂಗಳೂರಿನಲ್ಲಿ ಅದು ನಡೆಯುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಊರು ಅದು. ಚೆನ್ನೈ ಇರುವುದು ಸಮುದ್ರದ ಮಟ್ಟದಲ್ಲೇ.

2024ರ ಅಕ್ಟೋಬರ್ 6 ನೆನಪಿದೆಯೇ? ಅದೂ ಭಾನುವಾರವೇ. ಮರೀನಾದಲ್ಲಿ ವಾಯುಪಡೆಯ ವಿಮಾನ ಪ್ರದರ್ಶನ ಇತ್ತು, ಬೆಳಿಗ್ಗೆ 11ರಿಂದ ಮಧ್ಯಾಹ್ನ 1ರವರೆಗೆ. ಲಕ್ಷಾಂತರ ಜನ ಮಕ್ಕಳು ಮರಿ ಕಟ್ಟಿಕೊಂಡು ಮುಂಜಾನೆಯಿಂದಲೇ ಮರಳಿನ ಮೇಲೆ ಕೂತಿದ್ದರು. ಆ ದಿನ ಬಿಸಿಲು, ಜನಜಂಗುಳಿಯ ನಡುವೆ ಐವರು ತೀರಿಕೊಂಡರು. ಅನೇಕರು ತಲೆಸುತ್ತಿ ಬಿದ್ದು ಆಸ್ಪತ್ರೆ ಸೇರಿದರು. ತೀರಿಕೊಂಡವರು ಚಿಕ್ಕ ಮಕ್ಕಳಲ್ಲ, ದೊಡ್ಡವರು. ತಿಂಗಳು ಮೇ ಅಲ್ಲ, ಅಕ್ಟೋಬರ್. ಬೇಸಿಗೆ ಕಳೆಯಿತು, ಇನ್ನೇನು ಭಯ ಎನ್ನುವವರು ಈ ಎರಡು ವಿಷಯಗಳನ್ನು ಗಮನದಲ್ಲಿಡಬೇಕು.

*ಬೆವರು ಸುರಿಯುತ್ತಿದ್ದರೂ ಮೈ ಯಾಕೆ ತಣಿಯುವುದಿಲ್ಲ?*

ಬೆವರು ಬಂದ ಮಾತ್ರಕ್ಕೆ ದೇಹ ತಂಪಾಗುವುದಿಲ್ಲ. ಆ ಬೆವರು ಆರಬೇಕು. ಆರುವಾಗ ಅದು ಮೈಯ ಶಾಖವನ್ನು ಎಳೆದುಕೊಂಡು ಹೋಗುತ್ತದೆ. ಕಲಬುರಗಿ, ರಾಯಚೂರಿನ ಒಣ ಬಿಸಿಲಿನಲ್ಲಿ ಬೆವರು ಬಂದದ್ದೂ ಗೊತ್ತಾಗುವುದಿಲ್ಲ, ಆರಿ ಹೋಗಿರುತ್ತದೆ. ಚೆನ್ನೈಯ ಗಾಳಿಯಲ್ಲಿ ಮೊದಲೇ ನೀರಿನಂಶ ತುಂಬಿರುವುದರಿಂದ ಬೆವರು ಆರದೆ ಹಾಗೇ ಸುರಿಯುತ್ತದೆ. ಅಂಗಿ ತೊಯ್ದು ತೊಪ್ಪೆಯಾದರೂ ಒಳಗಿನ ಕಾವು ಇಳಿಯುವುದಿಲ್ಲ. ಹೋದ ನೀರು, ಉಪ್ಪು ಮಾತ್ರ ಹೋದದ್ದೇ.

ಮಕ್ಕಳ ಸ್ಥಿತಿ ಇನ್ನೂ ಸೂಕ್ಷ್ಮ. ಅವರ ತೂಕಕ್ಕೆ ಹೋಲಿಸಿದರೆ ಚರ್ಮದ ವಿಸ್ತಾರ ಹೆಚ್ಚು, ಹಾಗಾಗಿ ಸುಡುವ ಗಾಳಿಯಿಂದ ಬೇಗ ಕಾಯುತ್ತಾರೆ. ಬೆವರುವ ಶಕ್ತಿ ದೊಡ್ಡವರಿಗಿಂತ ಕಡಿಮೆ. ಎಲ್ಲಕ್ಕಿಂತ ಮುಖ್ಯವಾಗಿ, ಆಟದ ಗುಂಗಿನಲ್ಲಿರುವ ಮೂರು ವರ್ಷದ ಮಗು 'ಅಮ್ಮಾ, ನೀರು' ಎಂದು ಕೇಳುವುದೇ ಇಲ್ಲ. ಕೇಳಲಿ ಎಂದು ಕಾಯಬೇಡಿ. ಅರ್ಧ ಗಂಟೆಗೊಮ್ಮೆ ನೀವೇ ಕರೆದು ನಾಲ್ಕು ಗುಟುಕು ಕುಡಿಸಿ. ಆರು ತಿಂಗಳೊಳಗಿನ ಕೂಸಿಗೆ ಮಾತ್ರ ನೀರು ಬೇಡ, ಎಂಥ ಸೆಕೆಯಿದ್ದರೂ ಬೇಡ. ಎದೆಹಾಲನ್ನೇ ಮತ್ತೆ ಮತ್ತೆ ಕೊಡಿ, ತಾಯಿ ಹೆಚ್ಚು ನೀರು ಕುಡಿಯಲಿ. 'ಗಂಟಲು ಒಣಗಿದೆ ಪಾಪ, ಒಂದು ಚಮಚ ನೀರು ಹಾಕಮ್ಮ' ಎಂದು ಊರಿನಿಂದ ಅಜ್ಜಿ ಫೋನಿನಲ್ಲಿ ಹೇಳಿದರೆ ಜಗಳವಾಡದೆ 'ಆಯ್ತಮ್ಮ' ಎಂದು ಹಾಲೂಡಿಸಿ.

*ಊರಿನಿಂದ ಬಂದ ಮಕ್ಕಳು*

ನಿಮ್ಮ ಮಕ್ಕಳಿಗಿಂತ ಹೆಚ್ಚು ಎಚ್ಚರ ಬೇಕಾಗಿರುವುದು ರಜೆಗೆ ಬಂದ ಅಣ್ಣನ ಮಕ್ಕಳ, ಅಕ್ಕನ ಮಕ್ಕಳ ವಿಷಯದಲ್ಲಿ. ಹೊಸ ಸೆಕೆಗೆ ದೇಹ ಹೊಂದಿಕೊಳ್ಳಲು ಒಂದರಿಂದ ಎರಡು ವಾರ ಬೇಕು. ನಮ್ಮ ನೆಂಟರು ಬರುವುದೇ ನಾಲ್ಕು ದಿನಕ್ಕೆ, ಬರುವುದೂ ಏಪ್ರಿಲ್ - ಮೇ ತಿಂಗಳಿಗೆ. ಮೇ ಮೊದಲ ವಾರದಿಂದ ಕೊನೆಯ ವಾರದವರೆಗೆ ಇಲ್ಲಿನವರು 'ಅಗ್ನಿ ನಕ್ಷತ್ರ', 'ಕತ್ತಿರಿ ವೆಯಿಲ್' ಎನ್ನುವ ಕಾಲ. ವಿಚಿತ್ರ ನೋಡಿ, ಅದೇ ಹೊತ್ತಿಗೆ ನಮ್ಮ ರೈತರ ಲೆಕ್ಕದಲ್ಲಿ ಭರಣಿ ಮಳೆ, ಕೃತ್ತಿಕಾ ಮಳೆ! ಅದೇ ನಕ್ಷತ್ರ ಊರಲ್ಲಿ ಮಳೆಯ ಹೆಸರು, ಇಲ್ಲಿ ಬೆಂಕಿಯ ಹೆಸರು. ಮಳೆಯ ತಂಪಿನಲ್ಲಿದ್ದ ಮಲೆನಾಡಿನ ಮಗುವನ್ನು ರಾತ್ರಿ ರೈಲಿನಲ್ಲಿ ಕರೆತಂದು ಮರುದಿನ ಮಧ್ಯಾಹ್ನ ಮಹಾಬಲಿಪುರದ ಬಂಡೆಗಳ ಮೇಲೆ ಹತ್ತಿಸುವುದು ಸರಿಯಲ್ಲ. ಮೊದಲ ಎರಡು ದಿನ ಸಂಜೆಯ ತಿರುಗಾಟ ಸಾಕು.

ಹಾಗಾದರೆ ಎಲ್ಲಿಗೆ, ಯಾವಾಗ? ಬೆಳಿಗ್ಗೆ ಹತ್ತರೊಳಗೆ ಅಥವಾ ಸಂಜೆ ನಾಲ್ಕೂವರೆಯ ಮೇಲೆ ಎಂಬುದು ಒಳ್ಳೆಯ ನಿಯಮ. ಕಡಲಿಗೆ ಸಂಜೆಯೇ ಮೇಲು. ಮಲ್ಪೆ, ಗೋಕರ್ಣದಲ್ಲಿ ಸೂರ್ಯ ಕಡಲಿನೊಳಗೆ ಇಳಿಯುತ್ತಾನೆ, ಸಂಜೆಯ ಬಿಸಿಲು ಮುಖಕ್ಕೇ ಹೊಡೆಯುತ್ತದೆ. ಇಲ್ಲಿ ಕಡಲು ಪೂರ್ವಕ್ಕಿರುವುದರಿಂದ ಸಂಜೆ ಸೂರ್ಯ ಊರಿನ ಕಟ್ಟಡಗಳ ಹಿಂದೆ ಸರಿಯುತ್ತಾನೆ, ಕಡಲಗಾಳಿಯೂ ಬೀಸುತ್ತಿರುತ್ತದೆ. ಮರದ ನೆರಳು ಬೇಕೆಂದರೆ ಗಿಂಡಿಯ ಮಕ್ಕಳ ಉದ್ಯಾನವಿದೆ, ಪಕ್ಕದಲ್ಲೇ ಹಾವಿನ ಉದ್ಯಾನ. ವಂಡಲೂರಿನ ಮೃಗಾಲಯ ಸುಮಾರು 600 ಹೆಕ್ಟೇರ್, ಮಕ್ಕಳ ಕಾಲಿಗೆ ಬಹಳ ದೊಡ್ಡದು. ಬಾಗಿಲು ತೆರೆಯುವ ಹೊತ್ತಿಗೇ ಹೋಗಿ ಬ್ಯಾಟರಿ ವಾಹನ ಹತ್ತಿ. ಕೆಥೀಡ್ರಲ್ ರಸ್ತೆಯ ಸೆಮ್ಮೊಳಿ ಪೂಂಗಾ ಚಿಕ್ಕ ಮಕ್ಕಳಿಗೆ ಹೇಳಿ ಮಾಡಿಸಿದಂತಿದೆ. ಹಳಬರಿಗೆ ಆ ಜಾಗ ಗೊತ್ತೇ ಇರುತ್ತದೆ. 1962ರಿಂದ 2008ರವರೆಗೆ ಅಲ್ಲೇ ಉಡುಪಿ ಕಡೆಯ ಕೆ. ಕೃಷ್ಣರಾಯರ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ಇತ್ತು. ಕಾರಿನಲ್ಲೇ ಕೂತು ದೋಸೆ ತಿಂದ ಮಕ್ಕಳು ಈಗ ಅಜ್ಜ ಅಜ್ಜಿಯರಾಗಿದ್ದಾರೆ. ಇನ್ನೊಂದು, ಮುಟ್ಟುಕಾಡಿನ ದಕ್ಷಿಣಚಿತ್ರ. ಅಲ್ಲಿ ಇಳಕಲ್ಲಿನ ನೇಕಾರರ ಮನೆ, ಚಿಕ್ಕಮಗಳೂರಿನ ಮನೆ ಎರಡನ್ನೂ ಕಟ್ಟಿ ಇಟ್ಟಿದ್ದಾರೆ. ಇಲ್ಲೇ ಹುಟ್ಟಿದ ಮಕ್ಕಳಿಗೆ 'ಇದು ನಮ್ಮ ಕಡೆಯ ಪಡಸಾಲೆ' ಎಂದು ಬಿಸಿಲಿಲ್ಲದ ಒಳಾಂಗಣದಲ್ಲಿ ತೋರಿಸಬಹುದು. ಈ ಕಡೆ ಇಂಥ ಜಾಗಗಳಿಗೆ ಸಾಮಾನ್ಯವಾಗಿ ಮಂಗಳವಾರ ರಜೆ, ವಾರದ ನಡುವೆ ಹೋಗುವವರು ನೋಡಿಕೊಳ್ಳಿ.

ಒಂದು ಮಾತು ಕಾರಿನ ಬಗ್ಗೆ. ಬಿಸಿಲಿನಲ್ಲಿ ನಿಂತ ಕಾರಿನ ಒಳಗಿನ ಶಾಖ ಹತ್ತೇ ನಿಮಿಷದಲ್ಲಿ ಸುಮಾರು 10 ಡಿಗ್ರಿ ಏರುತ್ತದೆ. ಗಾಜು ಸ್ವಲ್ಪ ಇಳಿಸಿದರೂ ಹೆಚ್ಚು ವ್ಯತ್ಯಾಸವಿಲ್ಲ. ಮಗು ಮಲಗಿದೆ, ಎರಡು ನಿಮಿಷ ಅಂಗಡಿಗೆ ಹೋಗಿ ಬರುತ್ತೇನೆ ಎನ್ನುವುದು ಬೇಡವೇ ಬೇಡ. ಮಲಗಿದ್ದರೂ ಎತ್ತಿಕೊಂಡೇ ಹೋಗಿ.

*ಓಆರ್‌ಎಸ್ ಯಾವುದು, ಯಾವುದಲ್ಲ*

ಬ್ಯಾಗಿನಲ್ಲಿ ಎರಡು ಪ್ಯಾಕೆಟ್ ಓಆರ್‌ಎಸ್ ಪುಡಿ ಯಾವಾಗಲೂ ಇರಲಿ. ಔಷಧಿ ಅಂಗಡಿಯಲ್ಲಿ ಕೇಳುವಾಗ ಪ್ಯಾಕೆಟ್ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಎಂದಿದೆಯೇ ನೋಡಿ. ಒಂದು ಲೀಟರಿಗೆ ಉಪ್ಪು 2.6 ಗ್ರಾಂ, ಗ್ಲೂಕೋಸ್ 13.5 ಗ್ರಾಂ, ಪೊಟಾಸಿಯಂ ಕ್ಲೋರೈಡ್ 1.5 ಗ್ರಾಂ, ಸಿಟ್ರೇಟ್ 2.9 ಗ್ರಾಂ. ಹಣ್ಣಿನ ಚಿತ್ರವಿರುವ ಪೊಟ್ಟಣದ ಸಿಹಿ ಪಾನೀಯಗಳು ಓಆರ್‌ಎಸ್ ಅಲ್ಲ. ಅವುಗಳಲ್ಲಿ ಸಕ್ಕರೆ ವಿಪರೀತ, ಭೇದಿಯಾಗುತ್ತಿರುವ ಮಗುವಿಗೆ ಭೇದಿ ಹೆಚ್ಚಾಗುತ್ತದೆ. ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ಎಂಟು ವರ್ಷ ಪಟ್ಟುಹಿಡಿದು ಹೋರಾಡಿದ ಮೇಲೆ, ಇಂಥ ಪಾನೀಯಗಳ ಹೆಸರಿನಲ್ಲಿ ಆ ಮೂರು ಅಕ್ಷರ ಬಳಸಕೂಡದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರಿನಲ್ಲಿ ಆದೇಶ ಮಾಡಿತು.

ಬೆರೆಸುವುದರಲ್ಲೇ ಹೆಚ್ಚಿನವರು ಎಡವುತ್ತಾರೆ. ದೊಡ್ಡ ಪ್ಯಾಕೆಟ್ ಪೂರ್ತಿ ಒಂದು ಲೀಟರಿಗೆ. ಚಿಕ್ಕ ಪ್ಯಾಕೆಟ್ 200 ಮಿಲಿಲೀಟರಿಗೆ. ದೊಡ್ಡ ಪ್ಯಾಕೆಟ್ಟನ್ನು ಒಂದು ಲೋಟ ನೀರಿಗೆ ಸುರಿದರೆ ಉಪ್ಪು ಅತಿಯಾಗಿ ಮಗುವಿಗೆ ಅಪಾಯ. ಸ್ವಲ್ಪ ಸ್ವಲ್ಪ ಪುಡಿ ಉದುರಿಸುವುದೂ ತಪ್ಪು. ಬೆರೆಸಿದ್ದನ್ನು 24 ಗಂಟೆಯ ಮೇಲೆ ಚೆಲ್ಲಿ. ಪ್ಯಾಕೆಟ್ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಭೇದಿಯಿದ್ದರೆ ಪ್ರತಿ ಸಲ ಹೋದ ಮೇಲೆ ಎರಡು ವರ್ಷದೊಳಗಿನವರಿಗೆ 50ರಿಂದ 100 ಮಿಲಿ, ಅದಕ್ಕಿಂತ ದೊಡ್ಡವರಿಗೆ 100ರಿಂದ 200 ಮಿಲಿ. ವಾಂತಿ ಮಾಡಿಕೊಂಡರೆ ಹತ್ತು ನಿಮಿಷ ಬಿಟ್ಟು ಚಮಚದಲ್ಲಿ ನಿಧಾನಕ್ಕೆ ಮತ್ತೆ ಶುರುಮಾಡಿ.

ಇಷ್ಟು ಅಗ್ಗದ ಪುಡಿಯಲ್ಲಿ ಏನಿದ್ದೀತು ಎಂದು ಅನಿಸಬಹುದು. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಕಾಲರಾ ಬಂದು, ಡ್ರಿಪ್ ಬಾಟಲಿಗಳು ಮುಗಿದಾಗ ಡಾ. ದಿಲೀಪ್ ಮಹಲನಬೀಸ್ ಡ್ರಮ್ಮುಗಳಲ್ಲಿ ಉಪ್ಪು, ಗ್ಲೂಕೋಸ್, ಸೋಡಾ ಕಲಸಿ ಕುಡಿಸಿದರು. ನೂರಕ್ಕೆ 30ರಷ್ಟಿದ್ದ ಸಾವು 4ಕ್ಕಿಂತ ಕೆಳಗಿಳಿಯಿತು.

ಎಳನೀರು, ನೀರುಮಜ್ಜಿಗೆ, ತಾಟಿನಿಂಗು? ಆರೋಗ್ಯವಾಗಿರುವ ಮಗುವಿಗೆ ಎಲ್ಲವೂ ಒಳ್ಳೆಯದು. ಭೇದಿಯಾದಾಗ ಮಾತ್ರ ಎಳನೀರು ಓಆರ್‌ಎಸ್ಸಿನ ಬದಲಿಯಲ್ಲ, ಅದರಲ್ಲಿ ಸೋಡಿಯಂ ಸಾಲದು. ಬೀಚಿನ ತೇಂಗಾಯ್ ಮಾಂಗಾಯ್ ಪಟ್ಟಾಣಿ ಸುಂಡಲ್, ಅಂದರೆ ನಮ್ಮ ಉಸಲಿಯೇ, ಬಿಸಿಯಾಗಿದ್ದರೆ ತಿನ್ನಲಿ. ಹೆಚ್ಚಿಟ್ಟ ಹಣ್ಣು, ಐಸ್ ಹಾಕಿದ ಶರಬತ್ತು ಬೇಡ. ಐಸು ಯಾವ ನೀರಿನದೆಂದು ಮಾರುವವರಿಗೂ ಗೊತ್ತಿರುವುದಿಲ್ಲ.

*ಯಾವಾಗ ಓಡಬೇಕು*

ಮಗು ಮಂಕಾಗಿದೆ, ಅತ್ತರೆ ಕಣ್ಣೀರಿಲ್ಲ, ಬಾಯಿ ಒಣಗಿದೆ, ಆರು ಗಂಟೆಯಿಂದ ಉಚ್ಚೆ ಹೊಯ್ದಿಲ್ಲ, ಕೂಸಿನ ನೆತ್ತಿ ಒಳಸರಿದಿದೆ ಎಂದರೆ ಅಂದೇ ವೈದ್ಯರಿಗೆ ತೋರಿಸಿ. ಮೈ ಕೆಂಡದಂತೆ ಸುಡುತ್ತಾ ಮಗು ತಡವರಿಸಿದರೆ, ಕರೆದರೆ ತಿರುಗಿ ನೋಡದಿದ್ದರೆ, ಫಿಟ್ಸ್ ಬಂದರೆ ಅದು ಶಾಖಾಘಾತ. ತಕ್ಷಣ 108. ಆಂಬುಲೆನ್ಸ್ ಬರುವವರೆಗೆ ನೆರಳಿಗೆ ಒಯ್ದು ಬಟ್ಟೆ ಬಿಚ್ಚಿ, ಮೈಗೆಲ್ಲ ನೀರು ಹಾಕಿ ಜೋರಾಗಿ ಗಾಳಿ ಬೀಸಿ. ಕುತ್ತಿಗೆ, ಕಂಕುಳು, ತೊಡೆಸಂದಿಗೆ ತಣ್ಣನೆಯ ಬಾಟಲಿ ಇಡಿ. ಪ್ಯಾರಾಸಿಟಮಾಲ್ ಇದಕ್ಕೆ ಕೆಲಸ ಮಾಡುವುದಿಲ್ಲ. ಎಚ್ಚರವಿಲ್ಲದ ಮಗುವಿನ ಬಾಯಿಗೆ ಏನನ್ನೂ ಹಾಕಬೇಡಿ.

ಎಗ್ಮೋರಿನಲ್ಲಿ ಸರ್ಕಾರಿ ಮಕ್ಕಳ ಆಸ್ಪತ್ರೆಯಿದೆ, ನೆನಪಿರಲಿ. ತಮಿಳು ಬಾರದವರು ಗಾಬರಿಯಲ್ಲಿ ತಡವರಿಸುತ್ತಾರೆ. ನಾಲ್ಕೈದು ಮಾತು ಕಲಿತಿಟ್ಟುಕೊಳ್ಳಿ: ಜ್ವರಕ್ಕೆ ಕಾಯ್ಚಲ್, ವಾಂತಿಗೆ ವಾಂದಿ, ಪ್ರಜ್ಞೆ ತಪ್ಪುವುದಕ್ಕೆ ಮಯಕ್ಕಂ, ಉಸಿರಿಗೆ ಮೂಚ್ಚು, ಭೇದಿಗೆ ವಯಿತ್ತುಪ್ಪೋಕ್ಕು. ತಣ್ಣಿ ಎಂದರೆ ಬರೀ ನೀರು, ತಣ್ಣೀರು ಅಲ್ಲ. ಇಲ್ಲಿ ಬಿಸಿನೀರಿಗೂ ಸುಡುತಣ್ಣಿ ಎನ್ನುತ್ತಾರೆ!

*ಕಡಲು*

ಬೆಸಂಟ್ ನಗರದ ಎಲಿಯಟ್ಸ್ ಬೀಚಿನಲ್ಲಿ ಬಿಳಿಯ ಕಮಾನಿನಂಥ ಸ್ಮಾರಕವೊಂದಿದೆ. ಮಕ್ಕಳನ್ನು ಅದರ ಮುಂದೆ ನಿಲ್ಲಿಸಿ ಫೋಟೋ ತೆಗೆಯುತ್ತೇವೆ. ಅದು 1930ರಲ್ಲಿ, ಮುಳುಗುತ್ತಿದ್ದವರನ್ನು ಉಳಿಸಲು ಹೋಗಿ ತಾನೇ ಮುಳುಗಿದ ಡೆನ್ಮಾರ್ಕಿನ ನಾವಿಕ ಷ್ಮಿಡ್ಟ್ ಅವರ ನೆನಪಿನದು. ಕಡಲನ್ನೇ ವೃತ್ತಿ ಮಾಡಿಕೊಂಡವನಿಗೂ ಈ ನೀರು ಸುಲಭವಾಗಿರಲಿಲ್ಲ.

ದಡಕ್ಕೆ ನುಗ್ಗಿದ ಅಲೆಯ ನೀರು ಹಿಂದಿರುಗಲೇಬೇಕಲ್ಲ, ಅದು ಕಿರಿದಾದ ಓಣಿಯಂಥ ಜಾಗ ಹುಡುಕಿಕೊಂಡು ರಭಸದಿಂದ ಒಳಕ್ಕೆ ಹರಿಯುತ್ತದೆ. ಆ ಜಾಗದಲ್ಲಿ ಅಲೆ ಒಡೆಯುವುದು ಕಡಿಮೆ, ನೊರೆಯಿಲ್ಲ. ಸುತ್ತಲಿನದಕ್ಕಿಂತ ಶಾಂತವಾಗಿ ಕಾಣುತ್ತದೆ. ಹಾಗಾಗಿ 'ಇಲ್ಲಿ ಅಲೆ ಇಲ್ಲ, ಮಗುವನ್ನು ಇಲ್ಲಿ ಇಳಿಸೋಣ' ಎಂದು ನಾವು ಆರಿಸುವ ಜಾಗವೇ ಕೆಟ್ಟ ಜಾಗವಾಗಿರಬಹುದು. ಮರೀನಾದಲ್ಲಿ ಸ್ನಾನಕ್ಕೆ, ಈಜಿಗೆ ನಿಷೇಧ ಇರುವುದು ಇದಕ್ಕೇ. ಮಗುವಿಗೆ ಪಾದ ತೋಯುವಷ್ಟು ನೀರು ಸಾಕು, ಕೈ ಹಿಡಿದುಕೊಂಡೇ, ಮೊಬೈಲ್ ಚೀಲದೊಳಗೆ ಹಾಕಿ. ಮುಳುಗುವ ಮಗು ಸಿನಿಮಾದಲ್ಲಿ ತೋರಿಸುವಂತೆ ಕೂಗುವುದಿಲ್ಲ, ಸದ್ದಿಲ್ಲದೆ ಮುಳುಗುತ್ತದೆ. ನಾಲ್ಕು ಮನೆಯವರು ಒಟ್ಟಿಗೆ ಹೋದಾಗ ಅಪಾಯ ಹೆಚ್ಚು, ಎಲ್ಲರೂ ಇನ್ನೊಬ್ಬರು ನೋಡುತ್ತಿದ್ದಾರೆ ಎಂದುಕೊಂಡಿರುತ್ತಾರೆ. ಇಪ್ಪತ್ತು ನಿಮಿಷಕ್ಕೊಬ್ಬರಂತೆ ಹೆಸರು ಹೇಳಿ ಕಾವಲು ಹಂಚಿಕೊಳ್ಳಿ.

ಯಾರಾದರೂ ಸೆಳೆತಕ್ಕೆ ಸಿಕ್ಕರೆ ಹಿಂದೆಯೇ ಹಾರಬೇಡಿ. ಖಾಲಿ ನೀರಿನ ಕ್ಯಾನ್, ಮುಚ್ಚಳ ಹಾಕಿದ ಬಾಟಲಿಗಳ ಚೀಲ, ಹಗ್ಗ, ಸೀರೆ, ಏನಿದೆಯೋ ಅದನ್ನು ಎಸೆಯಿರಿ, ಮೀನುಗಾರರನ್ನು ಕೂಗಿ. ಸಿಕ್ಕವರು ದಡದ ಕಡೆಗೆ ಎದುರೀಜಬಾರದು, ತೇಲಿಕೊಂಡು ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿಯಬೇಕು.

ನೀರಿನಿಂದ ತೆಗೆದ ಮಗುವನ್ನು ತಲೆಕೆಳಗೆ ಹಿಡಿಯುವುದು, ಹೊಟ್ಟೆ ಅಮುಕಿ ನೀರು ತೆಗೆಯುವುದು, ಹೆಗಲ ಮೇಲೆ ಹಾಕಿಕೊಂಡು ತಿರುಗಿಸುವುದು ಇವೆಲ್ಲ ಹೊತ್ತು ಕಳೆಯುವ ಕೆಲಸ. ಮಗುವಿಗೆ ಉಸಿರಿಲ್ಲದಿದ್ದರೆ ಅಂಗಾತ ಮಲಗಿಸಿ, ಗಲ್ಲ ಸ್ವಲ್ಪ ಮೇಲೆತ್ತಿ, ಮೊದಲು ಬಾಯಿಯಿಂದ ಉಸಿರು ಊದಿ, ಎದೆ ಏರುವಷ್ಟು. ಆಮೇಲೆ ಎದೆಯ ನಡುವೆ 30 ಸಲ ಒತ್ತಿ, ಎರಡು ಉಸಿರು, ಮತ್ತೆ 30. ಒಬ್ಬರು 108ಕ್ಕೆ ಫೋನ್ ಮಾಡಲಿ. ಚೇತರಿಸಿಕೊಂಡು ಅಳತೊಡಗಿದರೂ ಮನೆಗಲ್ಲ, ಆಸ್ಪತ್ರೆಗೇ ಕರೆದೊಯ್ಯಿರಿ. ಶ್ವಾಸಕೋಶಕ್ಕೆ ನೀರು ಹೋಗಿದ್ದರೆ ತೊಂದರೆ ಕೆಲವು ಗಂಟೆಗಳ ನಂತರ ಕಾಣಿಸಿಕೊಳ್ಳಬಹುದು.